ಜೈಪುರದಿಂದ ತಂದ ಕೆಂಪಿನ ಒಡವೆ ಮೋಸ ಅಂತ ಈಗ ಗೊತ್ತಾಯಿತು. ಏನು ಮಾಡಲಿ?

ಕಾಫಿಹೂವು (ಪೊನ್ನಂಪೇಟೆ ಕಡೆ)

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯಲೋ ಬೇಡವೋ ಅಂತ ಮೂರು ವಾರದಿಂದ ಒದ್ದಾಡುತ್ತಿದ್ದೇನೆ. ಮನೆಯವರಿಗೆ, ಮಗಳಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ. ಅತ್ತೆಗೆ ಗೊತ್ತಾದರೆ ನೊಂದುಕೊಳ್ಳುತ್ತಾರೆ ಅನ್ನುವ ಭಯ ಬೇರೆ.

ಫೆಬ್ರವರಿ ಕೊನೆಗೆ, ಕಾಫಿ ಕೊಯ್ದು ಒಣಗಿಸಿ ಮಾರಿ ಆದಮೇಲೆ, ನಾವು ಮೂರು ಜನ ಎಂಟು ದಿನ ರಾಜಸ್ಥಾನಕ್ಕೆ ಹೋಗಿದ್ದೆವು. ಮದುವೆಯಾಗಿ ಇಷ್ಟು ವರ್ಷಕ್ಕೆ ಅದೇ ನಮ್ಮ ಮೊದಲ ದೊಡ್ಡ ಪ್ರವಾಸ. ಜೈಪುರದಲ್ಲಿ ಕೊನೆಯ ದಿನ ಗಾಡಿಯ ಡ್ರೈವರ್, 'ಮಗಳ ಮದುವೆ ಅಂದ್ರಲ್ಲ, ಕಾರ್ಖಾನೆ ರೇಟಿಗೇ ಕೊಡುವವರು ಒಬ್ಬರಿದ್ದಾರೆ' ಅಂತ ಒಂದು ಅಂಗಡಿಗೆ ಕರೆದುಕೊಂಡು ಹೋದ. ಎರಡನೇ ಮಹಡಿ. ಒಳಗೆ ಇಬ್ಬರು ಕೂತು ಹರಳು ಉಜ್ಜುತ್ತಿದ್ದರು. ಅದನ್ನು ನೋಡಿಯೇ ನಮಗೆ ಅರ್ಧ ನಂಬಿಕೆ ಬಂತು. ಟೀ ಕೊಟ್ಟರು, ಒಂದೂವರೆ ಗಂಟೆ ಕೂರಿಸಿಕೊಂಡು ಮಾತಾಡಿದರು.

ಡಿಸೆಂಬರ್‌ನಲ್ಲಿ ಮಗಳ ಮದುವೆ. ಅವಳ ಪತ್ತಾಕ್‌ಗೆ (ನಮ್ಮ ಕೊಡವ ಮದುಮಗಳ ಕೊರಳಿನ ಪದಕ) ಒಂದು ಒಳ್ಳೆಯ ಕೆಂಪು, ಅಂದರೆ ಮಾಣಿಕ್ಯ, ಬೇಕಿತ್ತು. ಪತ್ತಾಕ್ ಅಂದರೆ ಏನು, ತಾಯಿ ಅದನ್ನು ಮಗಳ ಕೊರಳಿಗೆ ಕಟ್ಟುತ್ತಾಳೆ, ಎಲ್ಲವನ್ನೂ ನಾನೇ ಅವರಿಗೆ ಬಿಡಿಸಿ ಹೇಳಿದೆ. ಅವರು ತಲೆದೂಗಿ, 'ಹಾಗಾದ್ರೆ ನಿಮಗೆ ಬರ್ಮಾ ಕೆಂಪೇ ಆಗಬೇಕು' ಅಂತ ಒಂದು ಉಂಗುರ ತೆಗೆದರು. ನಾಲ್ಕೂವರೆ ಕ್ಯಾರೆಟ್ ಕಲ್ಲು. ಆಮೇಲೆ ಬಿಡಿಸಿ ಪತ್ತಾಕ್‌ಗೆ ಕೂರಿಸಿಕೊಳ್ಳಿ ಅಂದರು. ಉಂಗುರಕ್ಕೆ 85,000. ಜೊತೆಗೆ ಒಂದು ಕುಂದನ್ ಹಾರ, ಓಲೆ, ಎರಡೂ ಸೇರಿ 18.6 ಗ್ರಾಂ, 1,60,000. ಹಾಲ್‌ಮಾರ್ಕ್ ಎಲ್ಲಿ ಅಂತ ಮನೆಯವರು ಕೇಳಿದರು. ಕುಂದನ್‌ಗೆ ಸರ್ಕಾರವೇ ವಿನಾಯಿತಿ ಕೊಟ್ಟಿದೆ ಅಂತ ಫೋನಿನಲ್ಲಿ ಏನೋ ತೋರಿಸಿದರು. ಉಂಗುರಕ್ಕೆ ಬಿಲ್ ಕೊಟ್ಟರು, ಹಾರಕ್ಕೆ ಒಂದು ಎಸ್ಟಿಮೇಟ್ ಚೀಟಿ. ಎರಡು ಲಕ್ಷ ದಾಟಿದರೆ ಪ್ಯಾನ್ ಕಾರ್ಡ್ ರಗಳೆ, ಬೇರೆ ಬೇರೆ ಮಾಡೋಣ ಅಂದರು. ಎರಡಕ್ಕೂ ಕಾರ್ಡ್ ಉಜ್ಜಿದೆವು.

ಆಗಸ್ಟ್‌ನಲ್ಲಿ ಒಂದು ಸಂಜೆ, ಮಳೆ ಹಿಡಿದು ನಾಲ್ಕು ದಿನವಾಗಿತ್ತು, ಕರೆಂಟ್ ಇರಲಿಲ್ಲ. ಉಪ್ಪಿನಕಾಯಿಗೆ ನಿಂಬೆಹಣ್ಣು ಹೆಚ್ಚುತ್ತಾ ಕೂತಿದ್ದೆ. ಉಂಗುರ ಜಾರುತ್ತಿತ್ತು. ತೆಗೆದು ಪಕ್ಕದ ತಟ್ಟೆಯಲ್ಲಿಟ್ಟೆ. ಅದೇ ತಟ್ಟೆಗೆ ಹಿಂಡಿದ ಹೋಳು, ಬೀಜ ಎಲ್ಲ ಹಾಕುತ್ತಾ ಹೋದೆ. ಮರೆತೇಬಿಟ್ಟೆ. ಬೆಳಿಗ್ಗೆ ಸಿಪ್ಪೆ ಎಸೆಯಲು ಹೋದಾಗ ರಸದಲ್ಲಿ ಮುಳುಗಿದ ಉಂಗುರ ಸಿಕ್ಕಿತು. ಕಲ್ಲಿನ ಮೇಲೆಲ್ಲಾ ಜೇಡರ ಬಲೆಯ ಹಾಗೆ ಬಿಳಿ ಗೆರೆ. ಸೋಪು ಹಾಕಿ ತೊಳೆದೆ, ಸೆರಗಿನಲ್ಲಿ ಒರೆಸಿದೆ. ಹೋಗಲಿಲ್ಲ. ಉಗುರು ಆಡಿಸಿದರೆ ಗೆರೆ ಕೈಗೆ ಸಿಗುತ್ತಿತ್ತು.

ಗೋಣಿಕೊಪ್ಪದಲ್ಲಿ ನಮ್ಮ ಮನೆಗೆ ಹಿಂದಿನಿಂದಲೂ ಕೆಲಸ ಮಾಡುವ ಆಚಾರಿ ಇದ್ದಾರೆ. ಅವರು ಕಣ್ಣಿಗೆ ಮಸೂರ ಇಟ್ಟು ತುಂಬಾ ಹೊತ್ತು ನೋಡಿದರು. ಏನೂ ಹೇಳಲಿಲ್ಲ. ಆಮೇಲೆ ಮೆಲ್ಲಗೆ, 'ಎಷ್ಟು ಕೊಟ್ರಿ ಅಕ್ಕಾ?' ಅಂದರು. ನನಗೆ ಅಲ್ಲೇ ಕಾಲು ಸೋತುಹೋಯಿತು. ಹಾರವನ್ನೂ ಒರೆಗೆ ಹಚ್ಚಿದರು. ಅಂಗಡಿಯವರು ಹೇಳಿದ 22 ಕ್ಯಾರೆಟ್ ಅಲ್ಲವೇ ಅಲ್ಲ ಅಂದರು.

ಅಂಗಡಿಗೆ ಫೋನ್ ಮಾಡಿದರೆ, ಒಮ್ಮೆ ಎತ್ತಿದರು, ಆಮೇಲೆ ಎತ್ತುತ್ತಿಲ್ಲ. ನನಗೆ ಕಾನೂನು ಗೊತ್ತಿಲ್ಲ, ಹಿಂದಿಯೂ ಅಷ್ಟಕ್ಕಷ್ಟೇ. ಇಷ್ಟು ದೂರ ಕೂತು ಏನಾದರೂ ಮಾಡಲು ಆಗುತ್ತದಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಕಿತ್ತಳೆ ತೋಟ (ಸಿದ್ದಾಪುರ)

ಬೇಜಾರು ಮಾಡ್ಕೋಬೇಡಿ ಅಕ್ಕ. ಆದರೆ ಕೇಳಲೇಬೇಕು ಅನ್ನಿಸಿತು. ನಮ್ಮ ಊರಲ್ಲೇ ತಲೆಮಾರಿನಿಂದ ಗೊತ್ತಿರುವ ಆಚಾರಿಗಳಿರುವಾಗ, ಗುರುತು ಪರಿಚಯ ಇಲ್ಲದ ಊರಲ್ಲಿ ಎರಡೂವರೆ ಲಕ್ಷದ ಒಡವೆ ತೆಗೆದುಕೊಳ್ಳುವುದು ಯಾಕೆ? ರಜೆಗೆ ಹೋದರೆ ಊರು ನೋಡಿ, ಊಟ ಮಾಡಿ ಬರಬೇಕು. ಚಿನ್ನ ಅಲ್ಲಿ ತರುವ ವಸ್ತು ಅಲ್ಲ.

ಏಲಕ್ಕಿ ಮನೆ (ಸೋಮವಾರಪೇಟೆ)

ಅಣ್ಣಾ, ನೀವು ಹೇಳುವುದು ಸರಿಯೇ ಇರಬಹುದು. ಆದರೆ ಈ ಮಾತಿಗೆ ಹೆದರಿಯೇ ನಮ್ಮಂಥವರು ಬಾಯಿ ಬಿಡುವುದಿಲ್ಲ. ನನ್ನದೇ ಹೇಳುತ್ತೇನೆ. ಹನ್ನೆರಡು ವರ್ಷದ ಹಿಂದೆ ಹೈದರಾಬಾದಿಗೆ ಹೋದಾಗ ಅಮ್ಮನಿಗೆ ಅಂತ ಎರಡೆಳೆ ಮುತ್ತಿನ ಸರ ತಂದೆ. ನನ್ನ ಮೊದಲ ಸಂಬಳದ ಉಳಿತಾಯ. ಎರಡನೇ ಮಳೆಗಾಲಕ್ಕೆ ಮುತ್ತಿನ ಮೇಲಿನ ಹೊಳಪು ಮೀನಿನ ಪೊರೆಯ ಹಾಗೆ ಏಳಲು ಶುರುವಾಯಿತು. ಒಳಗೆ ಬರೀ ಗಾಜಿನ ಮಣಿ. ಅಮ್ಮ ಅದನ್ನು ಯಾರಿಗೂ ಹೇಳದೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿಟ್ಟಿದ್ದರು. ಅವರು ಹೋದಮೇಲೆ ಪೆಟ್ಟಿಗೆ ತೆಗೆದಾಗಲೇ ನಾನು ನೋಡಿದ್ದು. ನನಗೆ ನೋವಾಗಬಾರದು ಅಂತ ಒಂದು ಮಾತೂ ಆಡಿರಲಿಲ್ಲ.

ಕಾಫಿಹೂವು ಅಕ್ಕ, ನೀವು ಇಲ್ಲಿ ಬರೆದದ್ದೇ ಒಳ್ಳೆಯದಾಯಿತು. ಅತ್ತೆಗೂ ಹೇಳಿಬಿಡಿ. ಬೇರೆಯವರಿಂದ ಗೊತ್ತಾದರೆ ಅವರಿಗೆ ಇನ್ನೂ ಜಾಸ್ತಿ ನೋವು.

ಮುತ್ತಿನ ವಿಷಯ ಬಂದದ್ದಕ್ಕೆ ಒಂದು ಮಾತು. ಎರಡು ಮುತ್ತನ್ನು ಒಂದಕ್ಕೊಂದು ಮೆಲ್ಲಗೆ ಉಜ್ಜಿ ನೋಡಿ. ನಿಜವಾದದ್ದು ಸಣ್ಣ ಮರಳಿನ ಹಾಗೆ ತರಿತರಿ ಅನ್ನುತ್ತದೆ. ಗಾಜಿನದು ಜಾರುತ್ತದೆ. ಇದನ್ನು ನಾನು ಕಲಿತದ್ದು ತಡವಾಗಿ.

ಕಿತ್ತಳೆ ತೋಟ (ಸಿದ್ದಾಪುರ)

ತಪ್ಪಾಯಿತು ತಂಗಿ. ಅಕ್ಕನಿಗೂ ಹೇಳುತ್ತೇನೆ, ನೋಯಿಸಬೇಕು ಅಂತ ಬರೆದದ್ದಲ್ಲ.

ಹಳೇ ಒರೆಗಲ್ಲು (ನಾಪೋಕ್ಲು)

ನಾನು ಒಂದು ಸಹಕಾರ ಸಂಘದಲ್ಲಿ ಒಡವೆ ಸಾಲಕ್ಕೆ ಚಿನ್ನ ನೋಡಿಕೊಡುವವನು. ಇಪ್ಪತ್ತು ವರ್ಷದ ಮೇಲಾಯಿತು. ಪ್ರವಾಸದಲ್ಲಿ ತಂದ ಒಡವೆ ನನ್ನ ಮೇಜಿನ ಮೇಲೆ ಬಂದಾಗೆಲ್ಲ ನನಗೂ ಎದೆ ಹೊಡೆದುಕೊಳ್ಳುತ್ತದೆ. ಎದುರಿಗೆ ಕೂತವರು ಸಾಲ ಕೇಳಲು ಬಂದವರು. ಅವರಿಗೆ ಇದನ್ನು ಹೇಗೆ ಹೇಳುವುದು?

ಮೊದಲು ತೂಕದ ವಿಷಯ. ಕುಂದನ್ ಹಾರದಲ್ಲಿ ಕಲ್ಲು ಇರುತ್ತದೆ, ಕಲ್ಲಿನ ಕೆಳಗೆ ಅರಗು ತುಂಬಿರುತ್ತದೆ. ನಮ್ಮ ಜೋಮಾಲೆಯ ಚಿನ್ನದ ಮಣಿಯ ಒಳಗೂ ಅರಗು ಇದೆ ಅಲ್ವಾ? ಜೋಮಾಲೆ ಮಾಡಿಸುವಾಗ ನಾವು ಆಚಾರಿಯ ಹತ್ತಿರ ಅರಗಿನ ತೂಕ ಕಳೆಸಿಕೊಂಡೇ ಲೆಕ್ಕ ಹಾಕುತ್ತೇವೆ. ಹೊರಗೆ ಹೋದಾಗ ಅದೇ ಪ್ರಶ್ನೆ ಕೇಳಲು ಮರೆಯುತ್ತೇವೆ. ನಿಮ್ಮ ಚೀಟಿಯಲ್ಲಿ 18.6 ಗ್ರಾಂ ಒಂದೇ ಇದೆಯೋ, 'ನೆಟ್' ಅಂತ ಬೇರೆ ತೂಕ ಇದೆಯೋ ನೋಡಿ. ಒಂದೇ ಇದ್ದರೆ ನೀವು ಅರಗಿಗೂ ಕಲ್ಲಿಗೂ ಚಿನ್ನದ ರೇಟು ಕೊಟ್ಟಿದ್ದೀರಿ.

ಎರಡನೆಯದು ಹಾಲ್‌ಮಾರ್ಕ್. ಕುಂದನ್, ಪೋಲ್ಕಿ, ಜಡಾವು ಅನ್ನುವ ಕಲ್ಲು ಕೂರಿಸಿದ ಒಡವೆಗೆ ವಿನಾಯಿತಿ ಇರುವುದು ನಿಜ. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಹಾಲ್‌ಮಾರ್ಕ್ ಬೇಡ ಅಂದರೆ ಚಿನ್ನ ಕಮ್ಮಿ ಇದ್ದರೂ ನಡೆಯುತ್ತದೆ ಅಂತ ಅರ್ಥವಲ್ಲ. 22 ಅಂತ ಹೇಳಿ ದುಡ್ಡು ತಗೊಂಡರೆ 22 ಕೊಡಬೇಕು.

ಆದರೆ ನಿಮ್ಮ ಉಂಗುರ ಕುಂದನ್ ಅಲ್ಲವಲ್ಲ? ಮಾಮೂಲಿ ಉಂಗುರ, ತೂಕವೂ 2 ಗ್ರಾಂ ದಾಟಿರಬೇಕು. ಹಾಲ್‌ಮಾರ್ಕ್ ಕಡ್ಡಾಯ ಶುರುವಾದದ್ದು 2021ರ ಜೂನ್‌ನಲ್ಲಿ. 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಯ ಎಚ್‌ಯುಐಡಿ (ಒಂದೊಂದು ಒಡವೆಗೂ ಬೇರೆ ಬೇರೆ ಇರುವ ಗುರುತಿನ ಸಂಖ್ಯೆ) ಇಲ್ಲದೆ ಮಾರುವ ಹಾಗಿಲ್ಲ. ಉಂಗುರದ ಒಳಮೈ ನೋಡಿ. ಮೂರು ಗುರುತು ಇರಬೇಕು: ಬಿಐಎಸ್‌ನ (ಭಾರತೀಯ ಮಾನಕ ಸಂಸ್ಥೆ) ತ್ರಿಕೋನದ ಚಿಹ್ನೆ, 22ಕೆ916 ಅನ್ನುವ ಶುದ್ಧತೆ (ಸಾವಿರಕ್ಕೆ 916 ಪಾಲು ಚಿನ್ನ), ಆಮೇಲೆ ಆ ಆರರ ಸಂಖ್ಯೆ. ಸಂಖ್ಯೆ ಇದ್ದರೆ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ. ಒಡವೆ ಯಾವುದು, ಯಾವ ಅಂಗಡಿಯವರು ಗುರುತು ಹಾಕಿಸಿದ್ದು, ಎಲ್ಲ ಬರುತ್ತದೆ. ನೀವು ಉಂಗುರ ಕೊಂಡಿದ್ದು, ಆ್ಯಪ್ 'ಓಲೆ' ಅಂತ ತೋರಿಸಿದರೆ ಅಲ್ಲೇ ಗೊತ್ತಾಯಿತು.

ಒರೆಗಲ್ಲಿನ ಮೇಲೆ ಆಚಾರಿ ಹೇಳಿದ್ದು ನನಗೆ ಸಾಕು. ಗೊತ್ತಿರುವ ಚಿನ್ನದ ಗೆರೆ ಪಕ್ಕದಲ್ಲಿ ಎಳೆದು, ಆಸಿಡ್ ತಾಗಿಸಿದಾಗ ಯಾವುದು ಎಷ್ಟು ಬೇಗ ಕರಗುತ್ತದೆ ಅನ್ನುವುದನ್ನು ಪಳಗಿದ ಕಣ್ಣು ಹೇಳಿಬಿಡುತ್ತದೆ. ಆದರೆ ದೂರು ಕೊಡಲು ಕಾಗದ ಬೇಕು. ಮೈಸೂರಿನಲ್ಲಿ ಬಿಐಎಸ್ ಮಾನ್ಯತೆಯ ಹಾಲ್‌ಮಾರ್ಕ್ ಕೇಂದ್ರಗಳಿವೆ. ಸಾಮಾನ್ಯ ಗ್ರಾಹಕರೂ ಹೋಗಿ ಪರೀಕ್ಷೆ ಮಾಡಿಸಬಹುದು. ನಾಲ್ಕು ಒಡವೆವರೆಗೆ 200 ರೂಪಾಯಿ, ಮೇಲೆ ತೆರಿಗೆ. ವರದಿ ಬರೆದು ಕೊಡುತ್ತಾರೆ. ಒಂದು ಎಚ್ಚರ: ಕುಂದನ್‌ನ ಮುಂಭಾಗದಲ್ಲಿ ಕಲ್ಲಿನ ಸುತ್ತ ಒತ್ತಿರುವುದು ಅಪ್ಪಟ ಚಿನ್ನದ ಹಾಳೆ. ಎಕ್ಸ್‌ರೇ ಮೆಷಿನ್ ಮೇಲ್ಪದರ ಮಾತ್ರ ನೋಡುತ್ತದೆ. ಮುಂದೆ ಇಟ್ಟರೆ ಒಳ್ಳೆ ಅಂಕಿ ಬರುತ್ತದೆ. ಹಿಂಬದಿ ಕೆರೆದು ನೋಡಲು ಹೇಳಿ. ಸಂಶಯ ಉಳಿದರೆ ಒಂದು ಚೂರು ಕತ್ತರಿಸಿ ಕುಲುಮೆಗೆ ಹಾಕಿ ಪರೀಕ್ಷೆ ಮಾಡುವ ವಿಧಾನ ಇದೆ. ಅದರ ಮೇಲೆ ಮಾತಿಲ್ಲ.

ಬೆಟ್ಟದ ಜೇನು (ವಿರಾಜಪೇಟೆಯವಳು, ಈಗ ಬೆಂಗಳೂರು)

ಅಕ್ಕ, ನಾನು ಹರಳು ಪರೀಕ್ಷೆ ಓದಿ ಅದೇ ಕೆಲಸದಲ್ಲಿದ್ದೇನೆ. ನಿಂಬೆರಸದ ವಿಷಯ ಓದಿದ ಕೂಡಲೇ ಬರೆಯಬೇಕು ಅನ್ನಿಸಿತು. ಕಲ್ಲನ್ನು ಕೈಯಲ್ಲಿ ಹಿಡಿಯದೆ ಖಚಿತವಾಗಿ ಹೇಳಬಾರದು. ಆದರೆ ಅದು ಸೀಸದ ಗಾಜು ತುಂಬಿದ ಕೆಂಪು ಅಂತ ನನಗೆ ಬಲವಾಗಿ ಅನ್ನಿಸುತ್ತಿದೆ.

ಹೇಗೆ ಮಾಡುತ್ತಾರೆ ಅಂದರೆ, ಮೈತುಂಬ ಬಿರುಕು ಇರುವ, ಮಂಕಾದ, ಒಡವೆಗೆ ಬಾರದ ಅಗ್ಗದ ಕೆಂಪು ಕಲ್ಲು ತೆಗೆದುಕೊಳ್ಳುತ್ತಾರೆ. ಆಸಿಡ್‌ನಲ್ಲಿ ತೊಳೆದು, ಸೀಸ ಬೆರೆತ ಗಾಜಿನ ಪುಡಿ ಹಾಕಿ ಕುಲುಮೆಯಲ್ಲಿ ಕಾಯಿಸುತ್ತಾರೆ. ಗಾಜು ಕರಗಿ ಬಿರುಕಿಗೆಲ್ಲ ಇಳಿಯುತ್ತದೆ. ಆ ಗಾಜು ಬೆಳಕನ್ನು ಹೆಚ್ಚುಕಮ್ಮಿ ಮಾಣಿಕ್ಯದ ಹಾಗೇ ಬಗ್ಗಿಸುವುದರಿಂದ ಬಿರುಕು ಕಣ್ಣಿಗೆ ಕಾಣದೆ ಹೋಗುತ್ತದೆ. 2004ರ ಸುಮಾರಿಗೆ ಇದು ಮಾರುಕಟ್ಟೆಗೆ ಬಂತು. ಇಂಥ ಕಲ್ಲು ಕ್ಯಾರೆಟ್‌ಗೆ ಕೆಲವೇ ನೂರು ರೂಪಾಯಿಗೂ ಸಿಗುತ್ತದೆ.

ಮಾಣಿಕ್ಯ ನಿಂಬೆಗೆ ಬಗ್ಗುವ ಕಲ್ಲಲ್ಲ. ಗಡಸುತನದಲ್ಲಿ 9, ವಜ್ರದ ನಂತರದ್ದು. ಒಳಗಿನ ಸೀಸದ ಗಾಜನ್ನು ಮಾತ್ರ ಹುಳಿ ತಿನ್ನುತ್ತದೆ. ನಿಂಬೆರಸ, ಪಾತ್ರೆ ಬೆಳಗುವ ಕೆಲವು ದ್ರಾವಣ, ಆಚಾರಿ ಬೆಸುಗೆ ಆದಮೇಲೆ ಅದ್ದುವ ಆಸಿಡ್, ಯಾವುದು ತಾಗಿದರೂ ಗಾಜು ಸವೆದು ಹಳೇ ಬಿರುಕು ಬಿಳಿಯಾಗಿ ಮೇಲೆ ಬರುತ್ತದೆ. ನೀವು ಕಂಡ ಜೇಡರ ಬಲೆ ಅದೇ. ನಮ್ಮ ಕಾಚಂಪುಳಿಯೂ ಒಳ್ಳೆ ಹುಳಿಯೇ. ಇಂಥ ಉಂಗುರ ಹಾಕಿಕೊಂಡು ಪಂದಿಕರಿಗೆ ಕೈ ಹಾಕಬೇಡಿ ಅಂತ ನನ್ನ ಚಿಕ್ಕಮ್ಮನಿಗೂ ಹೇಳಿದ್ದೇನೆ.

ಇನ್ನೊಂದು ಮಾತು. ಆ ಕಲ್ಲನ್ನು ಬಿಡಿಸಿ ಪತ್ತಾಕ್‌ಗೆ ಕೂರಿಸಲು ಹೋಗಿದ್ದರೆ ಬೆಸುಗೆಯ ಬೆಂಕಿಗೆ ಅದು ಅಲ್ಲೇ ಹಾಳಾಗುತ್ತಿತ್ತು. ಅಂಗಡಿಯವರು 'ಆಚಾರಿ ಒಡೆದ' ಅಂತ ನಿಮ್ಮ ಆಚಾರಿಯ ತಲೆಗೆ ಕಟ್ಟುತ್ತಿದ್ದರು. ಇಂಥ ಎಷ್ಟೋ ಆಚಾರಿಗಳು ತಪ್ಪಿಲ್ಲದೆ ದುಡ್ಡು ಕಟ್ಟಿದ್ದನ್ನು ನಾನು ನೋಡಿದ್ದೇನೆ.

ಹತ್ತು ಪಟ್ಟು ದೊಡ್ಡದು ಮಾಡುವ ಮಸೂರ ಇದ್ದರೆ ಕಲ್ಲನ್ನು ದೀಪದ ಕೆಳಗೆ ಆಚೀಚೆ ಓರೆ ಮಾಡಿ ನೋಡಿ. ಬಿರುಕಿನ ಜಾಗದಲ್ಲಿ ನೀಲಿ ಮಿಂಚು ಹಾಯುತ್ತದೆ. ಚಪ್ಪಟೆಯಾದ ಗಾಳಿಗುಳ್ಳೆ ಕಾಣುತ್ತದೆ. ಎರಡೂ ಕಂಡರೆ ಗಾಜು ಅಂತಲೇ ತಿಳಿಯಿರಿ.

ಬೆಲೆಯ ಬಗ್ಗೆಯೂ ಹೇಳಿಬಿಡುತ್ತೇನೆ, ಬೇರೆಯವರಿಗೂ ಉಪಯೋಗಕ್ಕೆ ಬರಲಿ. ನಾಲ್ಕೂವರೆ ಕ್ಯಾರೆಟ್‌ನ, ತಿಳಿಯಾದ, ಬಣ್ಣ ತುಂಬಿದ ಬರ್ಮಾ ಕೆಂಪು 85,000ಕ್ಕೆ ಚಿನ್ನದ ಉಂಗುರದ ಸಮೇತ ಬರುವುದಿಲ್ಲ. ಅದು ಲಕ್ಷಗಟ್ಟಲೆಯ ಮಾತು. ನಮಗೆ 85,000 ದೊಡ್ಡ ಮೊತ್ತ, ಹಾಗಾಗಿ ಕಲ್ಲೂ ದೊಡ್ಡದೇ ಇರಬೇಕು ಅನ್ನಿಸುತ್ತದೆ. ಅವರು ಆಡುವುದು ಇಲ್ಲೇ.

ಜೈಪುರದವರೆಲ್ಲ ಹೀಗೆ ಅಂತ ಯಾರೂ ತಿಳಿಯಬಾರದು. ನನಗೆ ಕೆಲಸ ಕಲಿಸಿದವರಲ್ಲಿ ಇಬ್ಬರು ಅಲ್ಲಿಯವರೇ. ಹರಳು ಕೊಯ್ಯುವುದರಲ್ಲಿ ಆ ಊರಿನ ಕೈ ದೊಡ್ಡದು. ಅಲ್ಲೇ 1972ರಿಂದ ಹರಳು ಪರೀಕ್ಷೆಯ ಪ್ರಯೋಗಾಲಯವೂ ಇದೆ.

ಅಕ್ಕ, ಉಂಗುರದ ಜೊತೆ ಎಟಿಎಂ ಕಾರ್ಡಿನಂಥ ಒಂದು ಸರ್ಟಿಫಿಕೇಟ್ ಕೊಟ್ಟರಾ? ಕೊಟ್ಟಿದ್ದರೆ 'ಕಾಮೆಂಟ್ಸ್' ಅನ್ನುವ ಸಾಲಿನಲ್ಲಿ ಏನಿದೆ, ಓದಿ ಹೇಳಿ. ಉಂಗುರವನ್ನು ಪಾಲಿಶ್ ಮಾಡಿಸಬೇಡಿ. ಹೇಗಿದೆಯೋ ಹಾಗೇ ಇರಲಿ.

ಕಾಫಿಹೂವು (ಪೊನ್ನಂಪೇಟೆ ಕಡೆ)

ಕಾರ್ಡ್ ಕೊಟ್ಟಿದ್ದರು. ಪರ್ಸಿನಲ್ಲೇ ಇತ್ತು. ಆರು ತಿಂಗಳಿಂದ ನನ್ನ ಜೊತೆಗೇ ಓಡಾಡುತ್ತಿತ್ತು. ದೊಡ್ಡ ಅಕ್ಷರದಲ್ಲಿ 'ನ್ಯಾಚುರಲ್ ರೂಬಿ' ಅಂತ ಇದೆ, ಕಲ್ಲಿನ ಫೋಟೋ ಇದೆ. ಕೆಳಗಿನದು ನನ್ನ ಕಣ್ಣಿಗೆ ಕಾಣಲಿಲ್ಲ. ಮಗಳು ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿದಳು. 'ಕಾಮೆಂಟ್ಸ್: ಗ್ಲಾಸ್ ಫಿಲ್ಡ್'. ಗಾಜು ತುಂಬಿದ್ದು ಅಂತ.

ಎರಡೇ ಪದ. ಅವಳು ಓದಿ ಫೋನ್ ಕೆಳಗಿಟ್ಟಳು, ನಾನೂ ಮಾತಾಡಲಿಲ್ಲ. ಅವರಿಗೆ ಗೊತ್ತಿತ್ತು ಅಂತ ಆಯಿತಲ್ಲ. ಪತ್ತಾಕ್‌ಗೆ ಅಂತ ಹೇಳಿದಮೇಲೂ ಕೊಟ್ಟರು.

ಉಂಗುರದ ಒಳಗೆ 916 ಅಂತ ಮಾತ್ರ ಇದೆ. ತ್ರಿಕೋನ ಇಲ್ಲ, ಆರರ ಸಂಖ್ಯೆ ಇಲ್ಲ. ತೂಕ ಬಿಲ್ಲಿನಲ್ಲಿ 5.2 ಗ್ರಾಂ. ಹಾರದ ಚೀಟಿಯಲ್ಲಿ 18.6 ಒಂದೇ ಇದೆ. ಕಾರ್ಡಿನಲ್ಲಿ ಹೀಗೆ ಬರೆದಿದ್ದರೆ ಅವರು 'ನಾವು ಹೇಳಿಯೇ ಕೊಟ್ಟಿದ್ದೇವೆ' ಅನ್ನುವುದಿಲ್ಲವಾ?

ಮಂಜಿನ ದಾರಿ (ಮಡಿಕೇರಿ)

ನಾನು ಟ್ಯಾಕ್ಸಿ ಓಡಿಸುವವನು. ಇದನ್ನು ಬರೆದರೆ ನಮ್ಮವರಿಗೇ ಕೋಪ ಬರಬಹುದು, ಆದರೂ ಬರೆಯುತ್ತೇನೆ. ಅಕ್ಕನನ್ನು ಆ ಅಂಗಡಿಗೆ ಕರೆದುಕೊಂಡು ಹೋದದ್ದು ಡ್ರೈವರ್ ಅಂತ ಓದಿದಾಗ ಹೊಟ್ಟೆ ಉರಿಯಿತು.

ನಮ್ಮ ಊರಿಗೂ ಜನ ರಜೆಗೆ ಬರುತ್ತಾರೆ. ರಾಜಾಸೀಟ್, ಅಬ್ಬಿ, ತಲಕಾವೇರಿ ತೋರಿಸಿ, ವಾಪಸ್ ಹೋಗುವಾಗ 'ಒಳ್ಳೆ ಜೇನು, ಏಲಕ್ಕಿ, ಕರಿಮೆಣಸು ಎಲ್ಲಿ ಸಿಗುತ್ತೆ?' ಅಂತ ನಮ್ಮನ್ನೇ ಕೇಳುತ್ತಾರೆ. ಅಂಗಡಿ ಮುಂದೆ ನಿಲ್ಲಿಸಿದರೆ ಕಾವಲುಗಾರ ಗಾಡಿ ನಂಬರ್ ಬರೆದುಕೊಳ್ಳುತ್ತಾನೆ. ವ್ಯಾಪಾರ ಆದಮೇಲೆ ನಮ್ಮ ಪಾಲು ಬರುತ್ತದೆ. ನಾನೂ ಮೂರು ವರ್ಷ ತಗೊಂಡಿದ್ದೇನೆ. ಒಂದು ಸಲ ಬಿಜಾಪುರದ ಕಡೆಯ ಒಬ್ಬ ಅಜ್ಜಿ ಊರಿಗೆ ಹೋಗಿ ಫೋನ್ ಮಾಡಿದರು. 'ತಮ್ಮಾ, ಅದು ಜೇನಲ್ಲ, ಬರೇ ಸಕ್ಕರೆ ಪಾಕ ಅದ, ಮೊಮ್ಮಗಗ ಔಷಧಕ್ಕಂತ ಒಯ್ದಿದ್ದೆ' ಅಂದರು. ಬೈಯಲಿಲ್ಲ. ಆಮೇಲೆ ನಾನು ಆ ಅಂಗಡಿ ಮುಂದೆ ಗಾಡಿ ನಿಲ್ಲಿಸಲಿಲ್ಲ. ಜೇನು ಕೇಳಿದವರಿಗೆ ನೇರವಾಗಿ ಭಾಗಮಂಡಲದ ಕಡೆ ಗೊತ್ತಿರುವ ಸಾಕಣೆಯವರ ಹತ್ತಿರ ಕರೆದುಕೊಂಡು ಹೋಗುತ್ತೇನೆ.

ಎಲ್ಲರಿಗೂ ಒಂದು ಗುರುತು ಹೇಳುತ್ತೇನೆ. ನೀವು ಇಳಿದಾಗ ಬಾಗಿಲಲ್ಲಿ ಯಾರಾದರೂ ಗಾಡಿ ನಂಬರ್ ಬರೆದುಕೊಂಡರೆ, ಡ್ರೈವರ್‌ಗೆ ಚೀಟಿ ಕೊಟ್ಟರೆ, ಅಥವಾ ನೀವು ಹೇಳಿದ ಅಂಗಡಿಗೆ ಹೋಗದೆ 'ಅದು ಇವತ್ತು ರಜೆ' ಅಂದರೆ, ಆ ಪಾಲು ನಿಮ್ಮ ಬಿಲ್ಲಿನಲ್ಲೇ ಸೇರಿದೆ. ಅಕ್ಕ, ಆ ಡ್ರೈವರ್‌ನ ನಂಬರ್, ಗಾಡಿ ಬುಕ್ ಮಾಡಿದ ಮೆಸೇಜ್ ಇದ್ದರೆ ಅಳಿಸಬೇಡಿ.

ಕಾಫಿಹೂವು (ಪೊನ್ನಂಪೇಟೆ ಕಡೆ)

ಹೌದು ತಮ್ಮ. ಜೋಹರಿ ಬಜಾರಿಗೆ (ಜೈಪುರದ ಒಡವೆ ಪೇಟೆ) ಹೋಗಬೇಕು ಅಂತ ಮಗಳು ಹೇಳಿದ್ದಳು. 'ಇವತ್ತು ಅಲ್ಲಿ ಬಂದ್' ಅಂದಿದ್ದ.

ಹಾರಂಗಿ ನೀರು (ಕುಶಾಲನಗರ)

ನಾನು ಹತ್ತಾರು ವರ್ಷ ಗ್ರಾಹಕ ಪ್ರಕರಣಗಳನ್ನು ನಡೆಸಿ ಈಗ ಬಿಡುವಾಗಿರುವವನು. ಅಮ್ಮಾ, ಮೊದಲು ಒಂದು ಸಮಾಧಾನದ ಮಾತು: ನೀವು ಜೈಪುರಕ್ಕೆ ಅಲೆಯಬೇಕಾಗಿಲ್ಲ. 1986ರ ಹಳೇ ಕಾಯ್ದೆಯಲ್ಲಿ ಅಂಗಡಿ ಇರುವ ಕಡೆ ಅಥವಾ ವ್ಯವಹಾರ ನಡೆದ ಕಡೆ ಹೋಗಬೇಕಿತ್ತು. ಅದಕ್ಕೇ ಪ್ರವಾಸಿಗರಿಗೆ ಮೋಸ ಮಾಡುವುದು ಸುಲಭವಾಗಿತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂದಮೇಲೆ, ದೂರುದಾರರು ವಾಸ ಇರುವ ಜಿಲ್ಲೆಯಲ್ಲೇ ಕೊಡಬಹುದು. ಅಂದರೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗದಲ್ಲಿ. ಐವತ್ತು ಲಕ್ಷದವರೆಗಿನ ವ್ಯವಹಾರ ಅಲ್ಲೇ ನಡೆಯುತ್ತದೆ. ನೀವು ಕೊಟ್ಟದ್ದು ಐದು ಲಕ್ಷದ ಒಳಗೆ, ಹಾಗಾಗಿ ಶುಲ್ಕವೂ ಇಲ್ಲ. ವಕೀಲರು ಕಡ್ಡಾಯವಲ್ಲ. ಕಾಲಮಿತಿ ಎರಡು ವರ್ಷ. ಸಮಯ ಇದೆ, ಆದರೆ ಸುಮ್ನೆ ಕೂರಬೇಡಿ.

ಕಾರ್ಡಿನ ವಿಷಯ ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಅವರು ಖಂಡಿತ ಅದನ್ನೇ ಹಿಡಿದುಕೊಳ್ಳುತ್ತಾರೆ. ಹಾಗಾಗಿ ಬಿಲ್ ನೋಡಿ. ಉಂಗುರದ ಬಿಲ್ಲಿನಲ್ಲಿ ಏನು ಬರೆದಿದ್ದಾರೆ? 'ನ್ಯಾಚುರಲ್ ರೂಬಿ' ಅಂತ ಮಾತ್ರ ಇದ್ದು ಗಾಜಿನ ಮಾತೇ ಇಲ್ಲದಿದ್ದರೆ, ಮಾರುವಾಗ ಮುಚ್ಚಿಟ್ಟರು ಅಂತ ನಾವು ವಾದಿಸಬಹುದು. ಕಣ್ಣಿಗೆ ಕಾಣದ ಅಕ್ಷರದಲ್ಲಿ ಒಂದು ಮೂಲೆಯಲ್ಲಿ ಬರೆದದ್ದು ಗ್ರಾಹಕರಿಗೆ ತಿಳಿಸಿದಂತೆ ಆಗುತ್ತದಾ ಅನ್ನುವುದು ವಾದದ ಮಾತು. ಗೆಲುವು ಖಚಿತ ಅಂತ ನಾನು ಹೇಳುವುದಿಲ್ಲ. ಆದರೆ ಎಚ್‌ಯುಐಡಿ ಇಲ್ಲದ ಉಂಗುರ, ಅರಗು ಸೇರಿಸಿ ಹಾಕಿದ ತೂಕ, 22 ಅಲ್ಲದ ಚಿನ್ನ, ಈ ಮೂರಕ್ಕೆ ಕಾರ್ಡ್ ಉತ್ತರ ಕೊಡುವುದಿಲ್ಲ. ನಿಮ್ಮ ದೂರು ಇವುಗಳ ಮೇಲೆ ನಿಲ್ಲಲಿ. ಕಲ್ಲು ಅದರ ಹಿಂದೆ ಬರಲಿ.

ಹಾರದ್ದು ಎಸ್ಟಿಮೇಟ್ ಚೀಟಿ ಅಂದಿರಿ. ಅದು ಪಕ್ಕಾ ಬಿಲ್ ಅಲ್ಲ. ಆದರೆ ಕಾರ್ಡ್ ಉಜ್ಜಿದಿರಲ್ಲ, ಅದೇ ನಿಮ್ಮನ್ನು ಉಳಿಸಿತು. ಬ್ಯಾಂಕಿನ ಸ್ಟೇಟ್‌ಮೆಂಟ್‌ನಲ್ಲಿ ದಿನಾಂಕ, ಮೊತ್ತ, ಅಂಗಡಿಯ ಹೆಸರು ಇರುತ್ತದೆ. ಮೆಷಿನ್‌ನ ಚೀಟಿಯ ಅಕ್ಷರ ಬೇಗ ಮಾಸುತ್ತದೆ. ಇವತ್ತೇ ಜೆರಾಕ್ಸ್ ಮಾಡಿಸಿಡಿ.

ದಾರಿ ಹೀಗಿರಲಿ. ಮೈಸೂರಿನ ವರದಿ ಮೊದಲು. ಕಲ್ಲಿಗೆ ಬೇರೆ ಲ್ಯಾಬ್‌ನಿಂದ ವರದಿ, ಹರಳು ಪರೀಕ್ಷೆ ಓದಿದ ಬೆಟ್ಟದ ಜೇನು ಹುಡುಗಿ ದಾರಿ ಹೇಳುತ್ತಾಳೆ. ಆಮೇಲೆ ಅಂಗಡಿಗೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್, ಹದಿನೈದು ದಿನದ ಗಡುವು. ಜೊತೆಗೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಕೆಲವು ಅಂಗಡಿಯವರು ಈ ಹಂತದಲ್ಲೇ ದಾರಿಗೆ ಬರುತ್ತಾರೆ. ಹಾಲ್‌ಮಾರ್ಕ್ ಇಲ್ಲದೆ ಮಾರಿದ್ದಕ್ಕೆ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಬೇರೆ ದೂರು ಕೊಡಿ. ವರ್ಷಕ್ಕೆ 40 ಲಕ್ಷದ ಒಳಗಿನ ವ್ಯಾಪಾರದವರಿಗೆ ವಿನಾಯಿತಿ ಇದೆ, ಅವರು ಹಾಗೆ ಹೇಳಿದರೆ ಸಾಬೀತು ಮಾಡಲಿ.

ಕರಿಮೆಣಸು ಬಳ್ಳಿ (ಸುಂಟಿಕೊಪ್ಪ)

ಒಂದು ಪ್ರಶ್ನೆ. ಗುರುತು ಇದ್ದೂ ಚಿನ್ನ ಕಮ್ಮಿ ಬಂದರೆ?

ಹಳೇ ಒರೆಗಲ್ಲು (ನಾಪೋಕ್ಲು)

2018ರ ಬಿಐಎಸ್ ನಿಯಮದಲ್ಲಿ ಇದೆ. ಎಷ್ಟು ಕಮ್ಮಿ ಬಂತೋ ಆ ವ್ಯತ್ಯಾಸದ ಎರಡರಷ್ಟು, ಮೇಲೆ ಪರೀಕ್ಷೆಯ ಖರ್ಚು ಕೊಡಬೇಕು. ಗುರುತು ಇರುವ ಒಡವೆ ತಗೊಳ್ಳಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಮತ್ತೆ, ಕ್ಯಾರೆಟ್ ಎರಡು ಇವೆ, ಕಲಸಿಕೊಳ್ಳಬೇಡಿ. ಚಿನ್ನದ ಕ್ಯಾರೆಟ್ ಶುದ್ಧತೆ, 24ರಲ್ಲಿ ಎಷ್ಟು ಪಾಲು ಅಂತ. ಕಲ್ಲಿನ ಕ್ಯಾರೆಟ್ ತೂಕ, 0.2 ಗ್ರಾಂ.

ಕಾಫಿಹೂವು (ಪೊನ್ನಂಪೇಟೆ ಕಡೆ)

ಎಲ್ಲರಿಗೂ ಒಂದು ಸುದ್ದಿ ಹೇಳಲು ಬಂದೆ. ಮೊನ್ನೆ ಮೈಸೂರಿಗೆ ಹೋಗಿ ಬಂದೆವು. ಬೆಳಿಗ್ಗೆ ಐದೂವರೆ ಬಸ್ಸು. ಒಡವೆ ಡಬ್ಬಿಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೆ. ಮೋಸದ್ದು ಅಂತ ಗೊತ್ತಿದ್ದರೂ ಕೈ ಬಿಡಲು ಮನಸ್ಸು ಬರಲಿಲ್ಲ.

ಕೇಂದ್ರದ ಹುಡುಗ ಮೊದಲು ಹಾರವನ್ನು ಮುಂಭಾಗದಿಂದ ಮೆಷಿನ್‌ನಲ್ಲಿಟ್ಟ. ಚಿನ್ನ ನೂರಕ್ಕೆ 97 ಚಿಲ್ಲರೆ ಅಂತ ಬಂತು. ಒಂದು ಕ್ಷಣ ನನಗೆ ಆಸೆ ಹುಟ್ಟಿತು. ಒರೆಗಲ್ಲು ಅಣ್ಣ ಹೇಳಿದ್ದು ನೆನಪಾಗಿ, ಹಿಂಬದಿ ಕೆರೆದು ನೋಡಿ ಅಂದೆ. ಅವನು ನನ್ನ ಮುಖ ನೋಡಿ, ಸಣ್ಣ ಅರದಿಂದ ಕೊಂಡಿಯ ಹತ್ತಿರ ಉಜ್ಜಿ ಮತ್ತೆ ಇಟ್ಟ. 58.9. ಅಂದರೆ 14 ಕ್ಯಾರೆಟ್. ಉಂಗುರದ ಚಿನ್ನ 74, ಅದು 18ರ ಹತ್ತಿರ. ಒಳಗೆ ಮಾತ್ರ 916 ಅಂತ ಕೊರೆದಿದ್ದರು. ವರದಿಗೆ ಸೀಲು ಹಾಕಿ ಕೊಟ್ಟರು. ವಾಪಸ್ ಬಂದು ಆಚಾರಿ ಹಾರದ ನಡುವಿನ ಪದಕ ಬಿಚ್ಚಿ, ನಮ್ಮೆದುರೇ ಕಲ್ಲು, ಅರಗು ಬೇರೆ ಮಾಡಿ ತೂಗಿದರು. ಅದೊಂದರಲ್ಲೇ 3.1 ಗ್ರಾಂ ಅರಗು ಮತ್ತು ಕಲ್ಲು. ಎಲ್ಲವನ್ನೂ ಮಗಳು ವಿಡಿಯೋ ಮಾಡಿದ್ದಾಳೆ.

ಬೆಟ್ಟದ ಜೇನು ತಂಗಿ ಹೇಳಿದ ಕಡೆ ಕಲ್ಲು ಕಳಿಸಿದ್ದೆವು. ಅವಳು ಊಹಿಸಿದ್ದೇ ಬಂತು. ನೋಟಿಸ್ ಹೋಗಿದೆ. ಒಂಬತ್ತನೇ ದಿನ ಅಂಗಡಿಯಿಂದ ಫೋನ್ ಬಂತು. ಈ ಸಲ ಅವರಾಗಿಯೇ ಮಾಡಿದರು. ಅರ್ಧ ದುಡ್ಡು ಕೊಡುತ್ತೇವೆ, ಒಡವೆ ಕಳಿಸಿಬಿಡಿ ಅಂದರು. ಮನೆಯವರು ಒಪ್ಪೋಣವಾ ಅಂತ ನನ್ನನ್ನು ನೋಡಿದರು. ನಾನು ಒಪ್ಪಲಿಲ್ಲ. ದುಡ್ಡಿನ ಹಟ ಅಲ್ಲ ಇದು. ಪತ್ತಾಕ್ ಅಂದರೆ ಏನು ಅಂತ ಅವರ ಎದುರು ಕೂತು ಹೇಳಿದ್ದೇನೆ, ಅವರು ಕೇಳಿಸಿಕೊಂಡಿದ್ದಾರೆ. ಅದು ನನಗೆ ಇನ್ನೂ ನುಂಗಲು ಆಗುತ್ತಿಲ್ಲ.

ಹಾರಂಗಿ ನೀರು (ಕುಶಾಲನಗರ)

ಒಡವೆ ಯಾವ ಕಾರಣಕ್ಕೂ ಕಳಿಸಬೇಡಿ ಅಮ್ಮಾ. ಅದು ಹೋದರೆ ಸಾಕ್ಷಿ ಹೋಯಿತು. ಮಾತುಕತೆ ಏನಿದ್ದರೂ ಬರಹದಲ್ಲಿ ಆಗಲಿ. ಮಡಿಕೇರಿಗೆ ಬರುವ ದಿನ ತಿಳಿಸಿ, ನಾನೂ ಬರುತ್ತೇನೆ. ಅರ್ಜಿಯ ಕನ್ನಡ ಕರಡು ಬರೆದಿಟ್ಟಿದ್ದೇನೆ.

ಏಲಕ್ಕಿ ಮನೆ (ಸೋಮವಾರಪೇಟೆ)

ಅತ್ತೆಗೆ ಹೇಳಿದ್ರಾ ಅಕ್ಕ?

ಕಾಫಿಹೂವು (ಪೊನ್ನಂಪೇಟೆ ಕಡೆ)

ಹೇಳಿದೆ. ಮೈಸೂರಿನಿಂದ ಬಂದ ರಾತ್ರಿಯೇ. ಒಲೆ ಮುಂದೆ ಕೂತು ಪೂರ್ತಿ ಕೇಳಿದರು. ಬೈಯುತ್ತಾರೆ ಅಂದುಕೊಂಡಿದ್ದೆ. ಎದ್ದು ಒಳಗೆ ಹೋಗಿ ತಮ್ಮ ಹಳೇ ಉಂಗುರ ತಂದು ಮಗಳ ಕೈಯಲ್ಲಿಟ್ಟರು. ಸಣ್ಣ ಕೆಂಪು, ಒಂದು ಅಂಚು ಸ್ವಲ್ಪ ಮುಕ್ಕಾಗಿದೆ. ಅದು ಅವರ ಅತ್ತೆಯದ್ದು. ಪತ್ತಾಕ್‌ಗೆ ಅದನ್ನೇ ಕೂರಿಸುವುದು ಅಂತ ಆಗಿದೆ. ಅದರದ್ದೂ ಪರೀಕ್ಷೆ ಮಾಡಿಸೋಣವಾ ಅಂತ ಕೇಳಿದೆ. ಬೇಡ ಅಂದಳು ಮಗಳು.

ಬರುವ ಗುರುವಾರ ಮಡಿಕೇರಿಗೆ ಹೋಗುತ್ತಿದ್ದೇವೆ. ಬಿಲ್, ಚೀಟಿ, ಎರಡು ವರದಿ, ಬ್ಯಾಂಕಿನ ಕಾಗದ ಎಲ್ಲದರ ಮೂರು ಮೂರು ಜೆರಾಕ್ಸ್ ಆಗಿದೆ. ನಿಂಬೆ ತಿಂದ ಉಂಗುರ ಹಾಗೇ ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿದೆ. ಪಾಲಿಶ್ ಮಾಡಿಸಿಲ್ಲ.